ಚೀಟಿ ಎತ್ತಿ ಔಷಧ ಕೊಡುವುದಾ?

ಡೊಂಬಿವಲಿಯ ಓದುಗರೊಬ್ಬರ ಪತ್ರ: "ಸಿಂದಗಿಯಿಂದ ಅಪ್ಪನನ್ನು ಬಾಯಿ ಕ್ಯಾನ್ಸರ್‌ಗೆ ಮುಂಬೈಗೆ ಕರೆತಂದೆವು. ಆಪರೇಷನ್ ಆಯ್ತು. ಇನ್ನು ರೇಡಿಯೇಷನ್, ಜೊತೆಗೆ ಕೀಮೋ. ಈಗ ಟ್ರಯಲ್‌ಗೆ, ಅಂದರೆ ಔಷಧ ಪರೀಕ್ಷಿಸೋ ಅಧ್ಯಯನಕ್ಕೆ, ಸೇರಿ ಅಂತಾರೆ. ಯಾವ ಔಷಧ ಅನ್ನೋದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಆರಿಸುತ್ತಂತೆ. ಅಪ್ಪ ಏನು ಪ್ರಯೋಗದ ಇಲಿಯಾ?"

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಆ ಚೀಟಿಯ ಬಗ್ಗೆ ಸ್ವಲ್ಪ ಹೇಳಲೇಬೇಕು.

ಒಂದು ಉದಾಹರಣೆ ನೋಡಿ. ರೇಡಿಯೇಷನ್ ಜೊತೆ ಕೊಡುವ ಸಿಸ್‌ಪ್ಲಾಟಿನ್ ಹಳೇ ಕೀಮೋ ಔಷಧ. ಮೂರು ವಾರಕ್ಕೊಮ್ಮೆ ದೊಡ್ಡ ಡೋಸ್ ಕೊಟ್ಟರೆ ವಾಂತಿ, ಸುಸ್ತು, ಕಿಡ್ನಿಗೂ ಕಿವಿಗೂ ಪೆಟ್ಟು. ಅದಕ್ಕೇ ನಮ್ಮಲ್ಲಿ ಎಷ್ಟೋ ಡಾಕ್ಟರರು ವಾರಕ್ಕೊಮ್ಮೆ ಸಣ್ಣ ಡೋಸ್ ಕೊಡುತ್ತಿದ್ದರು. ಎರಡೂ ಒಂದೇ ಅಂತ ನಂಬಿಕೆ. ಪರೇಲಿನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವರು 300 ರೋಗಿಗಳಲ್ಲಿ ಹೀಗೇ ಚೀಟಿ ಎತ್ತಿ ಇದನ್ನು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೈಯ ಒಂದು ಚದರ ಮೀಟರಿಗೆ ವಾರಕ್ಕೆ 30 ಮಿಲಿಗ್ರಾಂ ಒಂದು ಗುಂಪಿಗೆ, ಮೂರು ವಾರಕ್ಕೆ 100 ಇನ್ನೊಂದಕ್ಕೆ. ಎರಡು ವರ್ಷದ ಹೊತ್ತಿಗೆ ಬಾಯಿ, ಕುತ್ತಿಗೆಯಲ್ಲಿ ರೋಗ ಹತೋಟಿಯಲ್ಲಿದ್ದದ್ದು ದೊಡ್ಡ ಡೋಸಿನವರಲ್ಲಿ ನೂರಕ್ಕೆ 73, ಸಣ್ಣದರಲ್ಲಿ ಸುಮಾರು 58. ತೊಂದರೆಯೂ ದೊಡ್ಡ ಡೋಸಿನವರಿಗೇ ಜಾಸ್ತಿ, ಅದು ಬೇರೆ ಮಾತು. ಕತೆ ಅಲ್ಲಿಗೇ ಮುಗಿಯಲಿಲ್ಲ. 2022ರಲ್ಲಿ ಜಪಾನಿನವರು, ಆಪರೇಷನ್ ಆದ ರೋಗಿಗಳಿಗೆ ವಾರಕ್ಕೆ 40 ಮಿಲಿಗ್ರಾಂ ಕೊಟ್ಟರೆ ಅದರ ಫಲ ಮೂರು ವಾರಕ್ಕೆ 100 ಕೊಟ್ಟದ್ದಕ್ಕಿಂತ ಕಡಿಮೆಯೇನಿಲ್ಲ ಅಂತ ತೋರಿಸಿದರು.

ಚೀಟಿ ಯಾಕೆ ಅಂದರೆ, ಇಲ್ಲದಿದ್ದರೆ ಡಾಕ್ಟರ್ ಗಟ್ಟಿಮುಟ್ಟಾದವರಿಗೆ ದೊಡ್ಡ ಡೋಸ್, ಸೊರಗಿದವರಿಗೆ ಸಣ್ಣದು ಕೊಡುತ್ತಾರೆ. ಆಮೇಲೆ ಗುಣ ಮಾಡಿದ್ದು ಔಷಧವೋ ಮೈಕಟ್ಟೋ ಗೊತ್ತಾಗುವುದಿಲ್ಲ. ಅಪ್ಪನಿಗೆ ನಾಳೆ ಯಾವ ಡೋಸ್ ಕೊಟ್ಟರೂ ಅದು ಹೀಗೆ ಟ್ರಯಲ್‌ಗೆ ಸಹಿ ಹಾಕಿದ ಯಾರೋ ರೋಗಿಗಳಿಂದ ಬಂದದ್ದೇ.

ನನಗೆ ಸಿಟ್ಟು ಬಂದದ್ದು ನೀವು ಕಳಿಸಿದ ಒಪ್ಪಿಗೆ ಫಾರ್ಮಿನ ಝೆರಾಕ್ಸ್ ನೋಡಿ. (ಆಸ್ಪತ್ರೆಯ ಹೆಸರು ಇಲ್ಲಿ ಬೇಡ.) ಕೊನೇ ಪುಟದಲ್ಲಿ ಸಹಿ ಮಾಡುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ ಕೊಟ್ಟಿದ್ದಾರೆ. ಇಡೀ ಫಾರ್ಮ್ ಮರಾಠಿಯಲ್ಲಿದೆ, ಅಪ್ಪನಿಗೆ ಬರುವುದು ಕನ್ನಡ ಮಾತ್ರ! ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ವಿಷಯ ತಿಳಿಸಬೇಕು ಅನ್ನೋದು 2019ರ ನಿಯಮ. ಕನ್ನಡದ ಪ್ರತಿ ಕೇಳಿ, ಸಂಕೋಚ ಬೇಡ. ಸಹಿ ಹಾಕಿದ ಮೇಲೆ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಟ್ರಯಲ್‌ನಿಂದಲೇ ಏನಾದರೂ ಆದರೆ ಚಿಕಿತ್ಸೆ, ಪರಿಹಾರ ಎರಡೂ ಕೊಡಬೇಕು. ನಡುವೆ ಯಾವಾಗ ಬೇಕಾದರೂ ಬಿಡಬಹುದು. ಹಾಗಂತ ಆಸ್ಪತ್ರೆಯವರು ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ.

ಇನ್ನೊಂದು. ನಿಮ್ಮ ಎರಡು ಪುಟದ ಪತ್ರದಲ್ಲಿ ಅಣ್ಣ ಏನಂದರು, ಸೋದರಮಾವ ಏನಂದರು ಎಲ್ಲಾ ಇದೆ. ಅಪ್ಪ ಏನಂದರು ಅಂತ ಎಲ್ಲೂ ಇಲ್ಲ. ಅವರಿಗೆ ಕಾಯಿಲೆಯ ಹೆಸರಾದರೂ ಹೇಳಿದ್ದೀರಾ?