ಫ್ರಾನ್ಸಿನ ಹಳ್ಳಿಗಳಲ್ಲಿ ಚೀಸ್ ಮಾಡುವ ಮನೆಗಳಿಗೇ ಹೋಗಿ ಕೊಳ್ಳಬಹುದೇ?

ಧಾರಾಳವಾಗಿ. ಮಧ್ಯ ಫ್ರಾನ್ಸಿನ ಕಾಂತಾಲ್‌ನಿಂದ ಶುರು ಮಾಡಿ ಎನ್ನುತ್ತೇನೆ. ಅಲ್ಲಿನ ಸಾಲೆರ್ ಚೀಸ್ ಕಾರ್ಖಾನೆಯಲ್ಲಿ ಆಗುವುದೇ ಇಲ್ಲ. ದನ ಸಾಕಿದವರೇ, ಏಪ್ರಿಲ್ 15ರಿಂದ ನವೆಂಬರ್ 15ರೊಳಗೆ, ಹಸುಗಳು ಹಸಿಹುಲ್ಲು ಮೇಯುವಾಗ ಮಾತ್ರ ಮಾಡಬೇಕೆಂಬುದು ನಿಯಮ. ಕರೆದ ಹಾಲನ್ನು ಕಾಯಿಸದೆ, ಬೆಚ್ಚಗಿರುವಾಗಲೇ ‘ಜೆರ್ಲ್’ ಎಂಬ ಮರದ ತೊಟ್ಟಿಗೆ ಸುರಿಯುತ್ತಾರೆ. ಹುಳಿ ಹಿಡಿಸುವುದು ಆ ಮರಕ್ಕೆ ಅಂಟಿಕೊಂಡ ಸೂಕ್ಷ್ಮಾಣುಗಳೇ. ತೊಟ್ಟಿಯನ್ನು ಸೋಪು ಹಾಕಿ ಉಜ್ಜಿದರೆ ಕೆಟ್ಟಿತು!

ಹಾಲು ಕರೆಯುವ ಹೊತ್ತಿಗೆ ಹೋದರೆ ಇದೆಲ್ಲ ಕಣ್ಣಾರೆ ನೋಡಬಹುದು, ಮೊದಲೇ ಫೋನ್ ಮಾಡಿ. ಮಧ್ಯಾಹ್ನ 12ರಿಂದ 2ರವರೆಗೆ ಹೋಗಬೇಡಿ, ಊಟಕ್ಕೆಂದು ಸಾಮಾನ್ಯವಾಗಿ ಬಾಗಿಲು ಹಾಕಿರುತ್ತಾರೆ. ಇನ್ನು, ಶುದ್ಧ ಸಸ್ಯಾಹಾರಿಗಳಾದರೆ ನೋಡಿಯಷ್ಟೇ ಬನ್ನಿ: ಹಾಲು ಗಟ್ಟಿಯಾಗಿಸಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುತ್ತಾರೆ.