ಮದುವೆ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಸಿದರೆ ಟಿವಿಯಲ್ಲಿ ಕಂಡಷ್ಟು ಚೆನ್ನಾಗಿ ಯಾಕೆ ಬರುವುದಿಲ್ಲ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಅಪ್ಪ-ಅಮ್ಮನ ಮದುವೆಯ ವಿಎಚ್‌ಎಸ್ ಕ್ಯಾಸೆಟ್ ಇದೆ. ವಿಸಿಆರ್‌ನಿಂದ ಹಳದಿ-ಬಿಳಿ-ಕೆಂಪು ವೈರು, ಅಲ್ಲಿಂದ ಎವಿ ಟು ಎಚ್‌ಡಿಎಂಐ ಡಬ್ಬಿ, ಅಲ್ಲಿಂದ ಎಚ್‌ಡಿಎಂಐ ಕ್ಯಾಪ್ಚರ್ ಸ್ಟಿಕ್, ಕೊನೆಗೆ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡುವ ಒಬಿಎಸ್ ಸಾಫ್ಟ್‌ವೇರ್. ಸೆಟ್ಟಿಂಗ್ 1080ಪಿ, 30 ಫ್ರೇಮ್. ಬಂದ ಫೈಲಿನಲ್ಲಿ ಎಲ್ಲರೂ ದಪ್ಪಗೆ ಕಾಣುತ್ತಾರೆ. ಯಾರಾದರೂ ಕೈ ಆಡಿಸಿದರೆ ಗೆರೆ ಗೆರೆ. ಕ್ಯಾಮೆರಾ ತಿರುಗಿದಾಗ ಜರ್ಕ್. ಮುಗಿಯುವ ಹೊತ್ತಿಗೆ ಊದುವವರು ಮುಂದೆ, ಓಲಗದ ಸದ್ದು ಹಿಂದೆ. ಅಂಗಡಿಯವರು "ಕ್ಯಾಸೆಟ್ ಹೋಗಿದೆ, ಎಐ ಹಾಕಿ ಸರಿ ಮಾಡಿಸಿ" ಅಂದರು.

ಎಐಗೆ ದುಡ್ಡು ಹಾಕಬೇಡಿ, ಈಗಲೇ ಬೇಡ. ನೀವು ಹೇಳಿದ ನಾಲ್ಕು ದೂರಿನಲ್ಲಿ ಮೂರು ಕ್ಯಾಸೆಟ್ಟಿಗೆ ಸಂಬಂಧವೇ ಇಲ್ಲದವು. ಸದ್ದು ಹಿಂದೆ-ಮುಂದೆ ಆಗುವುದರಲ್ಲಿ ಮಾತ್ರ ಅದರ ಪಾಲು ಸ್ವಲ್ಪ ಇರಬಹುದು. ಉಳಿದದ್ದೆಲ್ಲ ವಿಸಿಆರ್‌ನಿಂದ ಹೊರಬಿದ್ದ ಮೇಲೆ ಸೇರಿಕೊಂಡದ್ದು. ನಮ್ಮ ಮನೆಯ ಮತ್ತು ಸಂಬಂಧಿಕರ ಕ್ಯಾಸೆಟ್ಟುಗಳನ್ನು ಇಳಿಸಿಕೊಟ್ಟವನಾಗಿ ಹೇಳುತ್ತಿದ್ದೇನೆ, ಬಹಳ ಮನೆಗಳಲ್ಲಿ ಇದೇ ಕಥೆ.

ಮೊದಲು ಇದನ್ನು ನೀವೇ ಖಾತ್ರಿ ಮಾಡಿಕೊಳ್ಳಿ. ವಿಸಿಆರನ್ನು ನೇರವಾಗಿ ಒಂದು ಟಿವಿಗೆ ಹಾಕಿ. ಹಳೇ ಡಬ್ಬಿ ಟಿವಿ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಎವಿ ಇನ್‌ಪುಟ್ ಇರುವ ಯಾವ ಟಿವಿಯಾದರೂ ಸರಿ. ಫೈಲಿನಲ್ಲಿ ಕೆಟ್ಟದಾಗಿ ಬಂದ ಒಂದು ಜಾಗ ಹುಡುಕಿ, ಅದೇ ಜಾಗವನ್ನು ಟಿವಿಯಲ್ಲಿ ಓಡಿಸಿ ನೋಡಿ. ಅಲ್ಲೂ ಅದೇ ದೋಷ ಕಂಡರೆ ಕ್ಯಾಸೆಟ್ ಅಥವಾ ವಿಸಿಆರ್. ಅಲ್ಲಿ ಸರಿ ಇದ್ದರೆ ತಪ್ಪು ಮುಂದಿನ ಡಬ್ಬಿಗಳದ್ದು. ಇಷ್ಟು ನೋಡದೆ ಸಾಫ್ಟ್‌ವೇರ್‌ನಲ್ಲಿ ಫಿಲ್ಟರ್ ಮೇಲೆ ಫಿಲ್ಟರ್ ಹಾಕುತ್ತಾ ಕೂತರೆ ಸುಮ್ನೆ ಟೈಮ್ ವೇಸ್ಟ್. ಅಂದ ಹಾಗೆ, ಹಳೇ ವಿಸಿಪಿಗಳನ್ನು (ಕ್ಯಾಸೆಟ್ ಓಡಿಸಲಷ್ಟೇ ಬರುವ ಪ್ಲೇಯರ್) ಆಂಟೆನಾ ವೈರಿನಲ್ಲೇ ಟಿವಿಗೆ ಹಾಕುತ್ತಿದ್ದರು. ಹಿಂದುಗಡೆ ವಿಡಿಯೊ ಔಟ್ ಇದೆಯಾ ನೋಡಿ, ಇದ್ದರೆ ಅದನ್ನೇ ಬಳಸಿ. ಆಂಟೆನಾ ದಾರಿಯಲ್ಲಿ ಬಂದ ಚಿತ್ರ ಇನ್ನೊಂದು ಸುತ್ತು ಕೆಟ್ಟಿರುತ್ತದೆ.

ಈಗ ಆ ಗೆರೆಗಳ ವಿಷಯ. ಇದೊಂದು ಅರ್ಥವಾದರೆ ಮುಕ್ಕಾಲು ಕೆಲಸ ಆದ ಹಾಗೆ.

ನಮ್ಮ ದೇಶದ ಹಳೇ ಟಿವಿ ಪದ್ಧತಿ ಪ್ಯಾಲ್. ಒಟ್ಟು 625 ಗೆರೆ, ಅದರಲ್ಲಿ ಚಿತ್ರ ಇರುವುದು 576ರಲ್ಲಿ. ಆದರೆ ಈ 576 ಗೆರೆ ಒಟ್ಟಿಗೆ ಬರುವುದಿಲ್ಲ. ಮೊದಲು ಒಂದು ಬಿಟ್ಟು ಒಂದು ಗೆರೆ ಬರುತ್ತದೆ. ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದ ಮೇಲೆ ಬಿಟ್ಟುಹೋದ ಗೆರೆಗಳು ಬರುತ್ತವೆ. ಒಂದೊಂದು ಕಂತಿಗೂ ಫೀಲ್ಡ್ ಎನ್ನುತ್ತಾರೆ. ವಿಸಿಆರ್ ಒಳಗಿನ ಡ್ರಮ್ ಸೆಕೆಂಡಿಗೆ 25 ಸುತ್ತು ತಿರುಗುತ್ತದೆ. ಅದರ ಮೇಲೆ ಎದುರುಬದುರಾಗಿ ಕೂತ ಎರಡು ಹೆಡ್‌ಗಳು ಒಂದು ಸುತ್ತಿಗೆ ಒಂದೊಂದು ಫೀಲ್ಡ್ ಓದುತ್ತವೆ. ಒಟ್ಟು ಸೆಕೆಂಡಿಗೆ 50.

ಧಾರೆ ಎರೆಯುವ ದೃಶ್ಯ ಇದೆ ಅನ್ನಿ. ಮೊದಲ ಫೀಲ್ಡಿನಲ್ಲಿ ಚೊಂಬು ಹಿಡಿದ ಕೈ ಒಂದು ಕಡೆ ಇದೆ. ಮುಂದಿನ ಫೀಲ್ಡ್ ಬರುವಷ್ಟರಲ್ಲಿ ಅದು ಬೆರಳಗಲ ಕೆಳಗೆ ಇಳಿದಿದೆ. ಡಬ್ಬಿ ಟಿವಿ ಇವೆರಡನ್ನೂ ಒಂದಾದ ಮೇಲೊಂದು ತೋರಿಸುತ್ತಿತ್ತು, ಕಣ್ಣಿಗೆ ನಯವಾಗಿ ಕಾಣುತ್ತಿತ್ತು. ಕಂಪ್ಯೂಟರು ಎರಡನ್ನೂ ಹೆಣೆದು ಒಂದೇ ಚಿತ್ರ ಮಾಡಿ ತೋರಿಸುತ್ತದೆ. ಆಗ ಕೈಯ ಅಂಚು ಬಾಚಣಿಗೆ ಹಲ್ಲಿನ ಹಾಗೆ ಸೀಳಿಕೊಳ್ಳುತ್ತದೆ. ಹಿಂದೆ ಅಲ್ಲಾಡದೆ ನಿಂತ ಮಂಟಪದ ಕಂಬದಲ್ಲಿ ಒಂದು ಗೆರೆಯೂ ಇರುವುದಿಲ್ಲ, ಗಮನಿಸಿ ನೋಡಿ. ಇದು ಹಾಳಾದ ಚಿತ್ರವಲ್ಲ, ಇನ್ನೂ ಬಿಡಿಸದ ಚಿತ್ರ. ಬಿಡಿಸುವ ಕೆಲಸಕ್ಕೆ ಡಿಇಂಟರ್‌ಲೇಸ್ ಎನ್ನುತ್ತಾರೆ.

ನಿಮ್ಮ ಕೇಸಿನಲ್ಲಿ ತೊಂದರೆ ಏನೆಂದರೆ, ಬಿಡಿಸುವ ಮೊದಲೇ ಚಿತ್ರವನ್ನು 576ರಿಂದ 1080ಕ್ಕೆ ಎಳೆದಾಗಿದೆ. ಎಳೆಯುವಾಗ ಎರಡೂ ಫೀಲ್ಡಿನ ಗೆರೆಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಯಾವ ಗೆರೆ ಯಾವ ಫೀಲ್ಡಿನದು ಎಂದು ಆಮೇಲೆ ಹೇಳಲು ಬರುವುದಿಲ್ಲ. ಅಂಥ ಫೈಲನ್ನು ಎಷ್ಟು ಉಜ್ಜಿದರೂ ಗೆರೆಯ ನೆರಳು ಉಳಿಯುತ್ತದೆ. ಈಗಿರುವ ಫೈಲನ್ನು ರಿಪೇರಿ ಮಾಡಲು ಹೋಗಬೇಡಿ, ಕ್ಯಾಸೆಟ್ಟನ್ನು ಇನ್ನೊಮ್ಮೆ ಇಳಿಸಿಕೊಳ್ಳಿ ಎನ್ನುವುದು ಇದಕ್ಕೇ.

ಜರ್ಕಿಗೂ ಕಾರಣ ಹತ್ತಿರದ್ದೇ. ಕ್ಯಾಸೆಟ್ಟಿನಲ್ಲಿ ಸೆಕೆಂಡಿಗೆ 50 ಕ್ಷಣಗಳಿವೆ. ಎವಿ ಟು ಎಚ್‌ಡಿಎಂಐ ಡಬ್ಬಿಗಳಲ್ಲಿ ಹೆಚ್ಚಿನವು ಅದನ್ನು 60 ಮಾಡಿ ಕಳಿಸುತ್ತವೆ. ಒಬಿಎಸ್ ಅದರಲ್ಲಿ 30 ಆರಿಸಿಕೊಳ್ಳುತ್ತದೆ. ಒಂದು ಕಡೆ ಅದೇ ಫ್ರೇಮ್ ಎರಡು ಸಲ, ಇನ್ನೊಂದು ಕಡೆ ನಡುವಿನದು ಮಾಯ. ಇನ್ನು ದಪ್ಪ ಕಾಣುವುದು ತೀರಾ ಸರಳ. ಹಳೇ ಚಿತ್ರ 4:3, ಡಬ್ಬಿ ಅದನ್ನು 16:9ಕ್ಕೆ ಅಗಲಿಸಿದೆ. ಅಮ್ಮನ ಮುಖ ಮೂರನೇ ಒಂದು ಭಾಗ ಜಾಸ್ತಿ ಅಗಲವಾಗಿದೆ, ಅಷ್ಟೇ.

ಆ ಎಚ್‌ಡಿಎಂಐ ಸ್ಟಿಕ್ ಬಗ್ಗೆಯೂ ಒಂದು ಮಾತು. 1080ಪಿ ಎಂದು ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ, ನೋಡಿ ಮೋಸಹೋಗಬೇಡಿ. ವಿಎಚ್‌ಎಸ್‌ನಲ್ಲಿ ಅಡ್ಡಕ್ಕೆ ಸಿಗುವ ವಿವರವೇ ಸುಮಾರು 240 ಗೆರೆಯಷ್ಟು. ಬಣ್ಣದ ವಿವರ ಅದಕ್ಕಿಂತ ಎಷ್ಟೋ ಕಡಿಮೆ. ಕೆಂಪು ಸೀರೆಯ ಬಣ್ಣ ಅಂಚು ದಾಟಿ ಹೊರಗೆ ಹರಿದ ಹಾಗೆ ಕಾಣುತ್ತದಲ್ಲ, ಅದು ವಿಎಚ್‌ಎಸ್‌ನ ಹುಟ್ಟುಗುಣ. 1080 ಮಾಡಿದರೆ ವಿವರ ಹೆಚ್ಚುವುದಿಲ್ಲ, ಆದರೆ ಭಾರ ಹೆಚ್ಚುತ್ತದೆ. ಲೆಕ್ಕ ನೋಡಿ. 1080ಪಿ, 30 ಫ್ರೇಮನ್ನು ಕುಗ್ಗಿಸದೆ ಕಳಿಸಲು ಸೆಕೆಂಡಿಗೆ ಸುಮಾರು 124 ಎಂಬಿ ಬೇಕು. ಯುಎಸ್‌ಬಿ 2.0 ಕಾಗದದ ಮೇಲೆ ಒಯ್ಯುವುದೇ 60 ಎಂಬಿ. ಹಾಗಾಗಿ ಅಗ್ಗದ ಸ್ಟಿಕ್ಕುಗಳು ಪ್ರತಿ ಫ್ರೇಮನ್ನೂ ಜೆಪೆಗ್ ಫೋಟೊ ಥರ ಹಿಂಡಿ ಕಳಿಸುತ್ತವೆ. ಅದೇ 720×576, 25 ಫ್ರೇಮ್ ಆದರೆ ಸೆಕೆಂಡಿಗೆ 21 ಎಂಬಿ ಕೂಡ ಆಗುವುದಿಲ್ಲ. ಹಿಂಡದೆ, ಇದ್ದದ್ದು ಇದ್ದ ಹಾಗೇ ದಾಟುತ್ತದೆ. ಚಿಕ್ಕದೇ ಇಲ್ಲಿ ಮೇಲು.

ಹಾಗಾದರೆ ಏನು ಮಾಡಬೇಕು? ಎರಡೂ ಡಬ್ಬಿ ತೆಗೆದಿಡಿ. ಹಳದಿ ವೈರು ನೇರವಾಗಿ ಹೋಗುವ ಯುಎಸ್‌ಬಿ ವಿಡಿಯೊ ಕ್ಯಾಪ್ಚರ್ ಡಾಂಗಲ್ ಒಂದು ತನ್ನಿ. ಬೆಂಗಳೂರಿನವರಾದರೆ ಎಸ್.ಪಿ. ರೋಡಿನಲ್ಲಿ ಹುಡುಕಿ, ಇಲ್ಲದಿದ್ದರೆ ಆನ್‌ಲೈನ್. ಒಂದೇ ಹೆಸರಿನ ಡಾಂಗಲ್ ಒಳಗೆ ಬೇರೆ ಬೇರೆ ಚಿಪ್ ಇರುತ್ತವೆ. ಒಂದರಲ್ಲಿ ಚೆನ್ನಾಗಿ ಬರುತ್ತದೆ, ಇನ್ನೊಂದರಲ್ಲಿ ಬಿಳಿ ಜಾಗವೆಲ್ಲ ಸುಟ್ಟ ಹಾಗೆ ಬರುತ್ತದೆ. ವಾಪಸ್ ತಗೊಳ್ಳುವ ಕಡೆಯೇ ಕೊಳ್ಳಿ. ಬಿಳಿ ಪಂಚೆಯ ಮಡಿಕೆ ಕಾಣುತ್ತದಾ, ಕಪ್ಪು ಕೂದಲಿನಲ್ಲಿ ಎಳೆ ಕಾಣುತ್ತದಾ ಎಂದು ನೋಡಿದರೆ ಡಾಂಗಲ್ ಯೋಗ್ಯತೆ ಗೊತ್ತಾಗುತ್ತದೆ.

ಸಾಫ್ಟ್‌ವೇರ್‌ಗೆ ನನ್ನ ಆಯ್ಕೆ ವರ್ಚುವಲ್‌ಡಬ್2. ಉಚಿತ. ನೋಡಲು ಹಳೇ ಕಾಲದ್ದು, ಆದರೆ ಈ ಕೆಲಸಕ್ಕೆ ಒಬಿಎಸ್‌ಗಿಂತ ವಾಸಿ. ಕ್ಯಾಪ್ಚರ್ ಮೋಡಿಗೆ ಹೋಗಿ ವಿಡಿಯೊ ಪದ್ಧತಿಯನ್ನು ಪ್ಯಾಲ್-ಬಿ ಮಾಡಿ. ಅಳತೆ 720×576, ಫ್ರೇಮ್ 25, ಬಣ್ಣದ ಮಾದರಿ ವೈಯುವೈ2. ಕಂಪ್ರೆಷನ್‌ಗೆ ಹಫ್‌ವೈಯುವಿ ಅಥವಾ ಯುಟಿ ವಿಡಿಯೊ. ಇವು ಚಿತ್ರದ ಒಂದು ಚುಕ್ಕೆಯನ್ನೂ ಕಳೆಯುವುದಿಲ್ಲ. ಹಿಂಡದೆ ಇಟ್ಟರೆ ಗಂಟೆಗೆ 75 ಜಿಬಿ ಆಗುತ್ತದೆ, ಇವುಗಳಲ್ಲಿ ಸುಮಾರು ಅರ್ಧ. ಜಾಗ ಮಾಡಿಕೊಳ್ಳಿ, ಕೆಲಸ ಮುಗಿದ ಮೇಲೆ ಅಳಿಸಿದರಾಯಿತು. ಡಿಇಂಟರ್‌ಲೇಸ್ ಇಲ್ಲಿ ಬೇಡ. ಬಾಚಣಿಗೆ ಗೆರೆ ಇರುವ ಹಾಗೇ ಇಳಿಸಿ.

ಚಿತ್ರ ಕಪ್ಪು-ಬಿಳುಪು ಬಂದರೆ ಗಾಬರಿ ಬೇಡ, ಪದ್ಧತಿ ಅಮೆರಿಕದ ಎನ್‌ಟಿಎಸ್‌ಸಿಯಲ್ಲಿ ಉಳಿದಿರುತ್ತದೆ. ಅಮೆರಿಕದಲ್ಲಿದ್ದ ಅಣ್ಣನೋ ಚಿಕ್ಕಪ್ಪನೋ ಕಳಿಸಿದ ಕ್ಯಾಸೆಟ್ ಆದರೆ ಇದರ ಉಲ್ಟಾ. ಅದು ನಿಜವಾಗಿಯೂ ಎನ್‌ಟಿಎಸ್‌ಸಿ, 525 ಗೆರೆಯದು. ನಮ್ಮ ಕಡೆಯ ಕೆಲವು ವಿಸಿಆರ್‌ಗಳು ಅದನ್ನು ಓಡಿಸುತ್ತವೆ, ಆದರೆ ಹೊರಗೆ ಕೊಡುವುದು ಪ್ಯಾಲ್-60 ಎಂಬ ಅಡ್ಡಕಸಬಿ ಸಿಗ್ನಲ್. ಡಾಂಗಲ್ ಪಟ್ಟಿಯಲ್ಲಿ ಆ ಹೆಸರೇ ಇದೆಯಾ ಹುಡುಕಿ.

ರೆಕಾರ್ಡ್ ಆಗುವಾಗ ಬಲಗಡೆ ಡ್ರಾಪ್ಡ್, ಇನ್ಸರ್ಟೆಡ್ ಎಂದು ಎರಡು ಅಂಕಿ ಓಡುತ್ತಿರುತ್ತವೆ. ನಿಮ್ಮ ಓಲಗದ ಸಮಸ್ಯೆಯ ಗುಟ್ಟು ಅಲ್ಲಿದೆ. ಹಳೇ ಟೇಪಿನಲ್ಲಿ ಗೆರೆಗಳು ಸರಿಯಾದ ಹೊತ್ತಿಗೆ ಬರುವುದಿಲ್ಲ, ಸ್ವಲ್ಪ ಹಿಂದೆ-ಮುಂದೆ ಆಗುತ್ತವೆ. ಡಬ್ಬಿ ಟಿವಿ ಅದನ್ನು ಸಹಿಸಿಕೊಳ್ಳುತ್ತಿತ್ತು. ಡಾಂಗಲ್ ಸಹಿಸುವುದಿಲ್ಲ, ಅರ್ಥವಾಗದ ಫ್ರೇಮನ್ನು ಬಿಟ್ಟುಬಿಡುತ್ತದೆ. ಸದ್ದು ಮಾತ್ರ ಬಿಡದೆ ಬರುತ್ತಿರುತ್ತದೆ. ಹೀಗೆ ಅಂತರ ಬೆಳೆಯುತ್ತದೆ. ಅಂಕಿ ಆಗೊಮ್ಮೆ ಈಗೊಮ್ಮೆ ಒಂದು ಏರಿದರೆ ಪರವಾಗಿಲ್ಲ. ಓಡುತ್ತಲೇ ಇದ್ದರೆ ನಿಲ್ಲಿಸಿ. ವಿಸಿಆರ್‌ನ ಟ್ರ್ಯಾಕಿಂಗ್ ತಿರುಗಿಸಿ ನೋಡಿ, ಲ್ಯಾಪ್‌ಟಾಪಿನಲ್ಲಿ ಬೇರೆಲ್ಲ ಮುಚ್ಚಿ, ಡಾಂಗಲ್ಲನ್ನು ಹಬ್ ಬಿಟ್ಟು ನೇರ ಚುಚ್ಚಿ. ಆದರೂ ನಿಲ್ಲದಿದ್ದರೆ ನಡುವೆ ಟೈಮ್ ಬೇಸ್ ಕರೆಕ್ಟರ್ ಬೇಕು, ಅಂದರೆ ಗೆರೆಗಳನ್ನು ಸರಿಯಾದ ಹೊತ್ತಿಗೆ ಕಳಿಸುವ ಡಬ್ಬಿ. ಅದು ಒಳ್ಳೇ ದುಬಾರಿ. ಬಡವರ ಉಪಾಯವೆಂದರೆ ಹಳೇ ಡಿವಿಡಿ ರೆಕಾರ್ಡರ್ ಮೂಲಕ ಸಿಗ್ನಲ್ ಹಾಯಿಸುವುದು. ಪ್ಯಾನಾಸಾನಿಕ್‌ನ ಡಿಎಂಆರ್-ಇಎಸ್10 ಈ ಕೆಲಸಕ್ಕೇ ಹೆಸರುವಾಸಿ. ಪ್ಲೇಯರ್ ಅಲ್ಲ, ರೆಕಾರ್ಡರೇ ಆಗಬೇಕು.

ಸದ್ದು ಒಂದೇ ಕಿವಿಯಲ್ಲಿ ಬರುತ್ತಿದ್ದರೆ ಅದು ದೋಷವಲ್ಲ. ಆಗಿನ ಹೆಚ್ಚಿನ ವಿಸಿಆರ್‌ಗಳು ಮೋನೊ, ಬಿಳಿ ವೈರಿನಲ್ಲಿ ಮಾತ್ರ ಸದ್ದು. ಆಮೇಲೆ ಎರಡೂ ಕಡೆಗೆ ಹಂಚಿದರೆ ಸರಿ. ಚಿತ್ರದ ತಳದಲ್ಲಿ ಹರಿದ ಪಟ್ಟಿ ಕಂಡರೂ ಹೆದರಬೇಡಿ. ಒಂದು ಹೆಡ್ ಬಿಟ್ಟು ಇನ್ನೊಂದು ಹೆಡ್ ಹಿಡಿಯುವ ಜಾಗ ಅದು. ಡಬ್ಬಿ ಟಿವಿಯ ಚೌಕಟ್ಟು ಅದನ್ನು ಮುಚ್ಚಿಡುತ್ತಿತ್ತು. ಕಪ್ಪು ಪಟ್ಟಿ ಹಾಕಿ ಮುಚ್ಚಿ.

ಇಳಿಸಿ ಆದ ಮೇಲೆ ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಿಸುವ ಸಾಫ್ಟ್‌ವೇರ್ ತೆರೆದು ಡಿಇಂಟರ್‌ಲೇಸ್‌ನಲ್ಲಿ ಬಾಬ್ ಆರಿಸಿ, ಫ್ರೇಮ್ 50 ಮಾಡಿ, 4:3 ಇರಲಿ. ಬಾಬ್ ಎಂದರೆ ಒಂದೊಂದು ಫೀಲ್ಡನ್ನೂ ಒಂದೊಂದು ಪೂರ್ತಿ ಫ್ರೇಮ್ ಮಾಡುವುದು. 25ಕ್ಕೆ ಇಳಿಸಿದರೆ ಅರ್ಧ ಚಲನೆ ಹೋಯಿತು. ಇಷ್ಟಾದ ಮೇಲೆ ಅದೇ ಧಾರೆ ದೃಶ್ಯ ನೋಡಿ, ಚೊಂಬಿನಿಂದ ನೀರು ಬೀಳುವುದೇ ಬೇರೆ ಥರ ಕಾಣುತ್ತದೆ. ಯೂಟ್ಯೂಬಿಗೆ ಹಾಕುವುದಿದ್ದರೆ ಮಾತ್ರ, ಈ ಹಂತದ ನಂತರ, 1440×1080ಕ್ಕೆ ದೊಡ್ಡದು ಮಾಡಿ. 720ಕ್ಕಿಂತ ಕೆಳಗಿನ ವಿಡಿಯೊಗೆ ಯೂಟ್ಯೂಬ್ 50 ಫ್ರೇಮ್ ಕೊಡುವುದಿಲ್ಲ, ಅದಕ್ಕೋಸ್ಕರ. ದೊಡ್ಡದು ಮಾಡುವುದು ತಪ್ಪು ಅಂತಲ್ಲ, ಬಿಡಿಸುವ ಮೊದಲು ಮಾಡುವುದು ತಪ್ಪು.

ಎಐ ಬಗ್ಗೆ ಕೇಳಿದ್ದೀರಿ. ನನಗೆ ಇಷ್ಟವಿಲ್ಲ, ನೇರವಾಗಿ ಹೇಳುತ್ತೇನೆ. ದೂರದಲ್ಲಿ ಕೂತ ಅಜ್ಜಿಯ ಮುಖಕ್ಕೆ ಟೇಪಿನಲ್ಲಿ ಇರುವುದೇ ನಾಲ್ಕಾರು ಮಸುಕು ಚುಕ್ಕೆ. ಎಐ ಅಲ್ಲಿ ಕಣ್ಣು-ಮೂಗು ಬರೆಯುತ್ತದೆ, ಚೆಂದವಾಗಿಯೇ ಬರೆಯುತ್ತದೆ, ಆದರೆ ಅದು ನಿಮ್ಮ ಅಜ್ಜಿಯದಲ್ಲ. ಬೇಕಾದರೆ ಪ್ರತಿ ಮಾಡಿಕೊಂಡು ಆಟ ಆಡಿ, ಮೂಲ ಫೈಲು ಮುಟ್ಟಬೇಡಿ.

ಇನ್ನೊಂದು ವಿಷಯವನ್ನು ಯಾರೂ ಕೇಳುವುದಿಲ್ಲ. ಮನೆಯಲ್ಲಿರುವ ಮದುವೆ ಕ್ಯಾಸೆಟ್ ಸಾಮಾನ್ಯವಾಗಿ ಮೂಲ ಅಲ್ಲ. ವಿಡಿಯೊದವರು ಶೂಟ್ ಮಾಡಿ, ಮಿಕ್ಸಿಂಗ್ ಮಾಡಿಸಿ, ಹೃದಯದೊಳಗೆ ವಧು-ವರರ ಮುಖ ಕೂರಿಸಿ, ಹಾಡು ಹಾಕಿ, ಅದರಿಂದ ಕಾಪಿ ಹೊಡೆದು ಕೊಟ್ಟಿರುತ್ತಾರೆ. ಪ್ರತಿ ಕಾಪಿಗೂ ಚಿತ್ರ ಒಂದು ಮೆಟ್ಟಿಲು ಇಳಿಯುತ್ತದೆ. ಎರಡೂ ಕಡೆಯ ಬೀಗರ ಮನೆಯಲ್ಲಿ ಕೇಳಿ. ಒಬ್ಬರ ಹತ್ತಿರ ನಿಮ್ಮದಕ್ಕಿಂತ ಒಂದು ಮೆಟ್ಟಿಲು ಮೇಲಿನದು ಇರಬಹುದು. ಒಂದು ಚೆನ್ನಾಗಿರುವ ಕಾಪಿ ಸಿಕ್ಕರೆ ಮೇಲೆ ಹೇಳಿದ ಸಾಮಾನೆಲ್ಲಕ್ಕಿಂತ ಜಾಸ್ತಿ ಲಾಭ.

ಬೇರೆ ಮನೆಯಿಂದ ತಂದ ಕ್ಯಾಸೆಟ್ಟನ್ನು ತಕ್ಷಣ ವಿಸಿಆರ್‌ಗೆ ತುರುಕಬೇಡಿ. ಮಲೆನಾಡು, ಕರಾವಳಿ ಕಡೆಯದಾದರೆ ಇನ್ನೂ ಹುಷಾರು. ಕಿಟಕಿಯಿಂದ ಟೇಪಿನ ಸುರುಳಿ ನೋಡಿ. ಅಂಚಿನಲ್ಲಿ ಬಿಳಿ ಪುಡಿಯಂತೆ ಕಂಡರೆ ಬೂಷ್ಟು ಹಿಡಿದಿದೆ. ಅದನ್ನು ಓಡಿಸಿದರೆ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಅದನ್ನು ಮೊದಲು ಬಲ್ಲವರ ಹತ್ತಿರ ಶುಚಿ ಮಾಡಿಸಿ. ಹೆಡ್ ಕ್ಲೀನ್ ನೀವೇ ಮಾಡುವುದಾದರೆ ಐಸೊಪ್ರೊಪೈಲ್ ಆಲ್ಕೊಹಾಲ್, ಎಳೆ ಬಿಡದ ಮೆತ್ತನೆ ಚರ್ಮದ ತುಂಡು. ತುಂಡನ್ನು ಡ್ರಮ್ಮಿಗೆ ಒತ್ತಿ ಹಾಗೇ ಹಿಡಿದು, ಇನ್ನೊಂದು ಕೈಯಲ್ಲಿ ಡ್ರಮ್ ತಿರುಗಿಸಿ. ಮೇಲೆ-ಕೆಳಗೆ ಉಜ್ಜಿದರೆ ಹೆಡ್ ಚೂರು ಮುರಿಯುತ್ತದೆ, ಹತ್ತಿ ಕಡ್ಡಿ ಬಳಸಿದರೆ ಎಳೆ ಸಿಕ್ಕಿಕೊಳ್ಳುತ್ತದೆ. ಹೊಸ ವಿಸಿಆರ್ ತರೋಣ ಎಂದರೆ ಸಿಗುವುದಿಲ್ಲ. ಕೊನೆಯದಾಗಿ ಮಾಡುತ್ತಿದ್ದ ಜಪಾನಿನ ಫುನಾಯಿ ಕಂಪನಿ 2016ರಲ್ಲೇ ನಿಲ್ಲಿಸಿತು.

ಇಷ್ಟೆಲ್ಲ ಮಾಡುವ ವ್ಯವಧಾನ ಇಲ್ಲ, ಅಂಗಡಿಗೇ ಕೊಡುತ್ತೇನೆ ಅಂದರೂ ತಪ್ಪಿಲ್ಲ. "720×576ರಲ್ಲಿ ಇಳಿಸುತ್ತೀರಾ, 50 ಫ್ರೇಮ್ ಫೈಲ್ ಕೊಡುತ್ತೀರಾ, ಡಿಇಂಟರ್‌ಲೇಸ್ ಮಾಡುವ ಮೊದಲಿನ ಫೈಲೂ ಹಾರ್ಡ್‌ಡಿಸ್ಕಿನಲ್ಲಿ ಹಾಕಿಕೊಡುತ್ತೀರಾ" ಎಂದು ಕೇಳಿ. "ಫುಲ್ ಎಚ್‌ಡಿ ಮಾಡಿಕೊಡ್ತೀವಿ ಸಾರ್" ಎಂದಷ್ಟೇ ಉತ್ತರ ಬಂದರೆ ಮುಂದಿನ ಅಂಗಡಿಗೆ ಹೋಗಿ.

ನಿಮ್ಮ ವಿಸಿಆರ್ ಮಾಡೆಲ್ ಮತ್ತು ಡ್ರಾಪ್ಡ್ ಫ್ರೇಮ್ ಅಂಕಿ ಇಲ್ಲೇ ಕೆಳಗೆ ಬರೆಯಿರಿ. ಟಿವಿಗೆ ಹಾಕಿ ನೋಡಿದಾಗ ಏನು ಕಂಡಿತು ಎನ್ನುವುದನ್ನೂ ಹೇಳಿ, ಮುಂದಿನದು ಆಮೇಲೆ ನೋಡೋಣ.