ಬಂಗಾರಪೇಟೆ ಮಾರ್ಗದಲ್ಲಿ ಎರಡಂತಸ್ತಿನ ಕಂಟೇನರ್ ರೈಲು ಯಾಕಿಲ್ಲ?

ಗುಜರಾತ್, ರಾಜಸ್ಥಾನದ ಕಡೆ ಕಂಟೇನರ್ ಮೇಲೆ ಕಂಟೇನರ್ ಇಟ್ಟುಕೊಂಡು ರೈಲು ಓಡುತ್ತದೆ. ವೈಟ್‌ಫೀಲ್ಡ್‌ನಿಂದ ಮಾಲೂರು, ಬಂಗಾರಪೇಟೆ ಮೇಲೆ ಚೆನ್ನೈಗೆ ಹೋಗುವ ಗೂಡ್ಸ್‌ಗೂ ಕರೆಂಟ್ ವೈರ್ ಎತ್ತರಿಸಿದರೆ ಸಾಕಲ್ವಾ ಅಂತ ಕೇಳಿದ್ದೀರಿ. ನಾನು ಕೋಲಾರ ಜಿಲ್ಲೆಯ ನರಸಾಪುರದ ಕಡೆ ಕಂಟೇನರ್ ಬುಕಿಂಗ್ ಕೆಲಸ ನೋಡಿಕೊಳ್ಳುತ್ತೇನೆ. ಅಷ್ಟೇ ಮಾಡಿದರೆ ಸಾಲದು.

ಮೊದಲು ಅಳತೆ ನೋಡಿ. ನಮ್ಮ ಕಡೆಯಿಂದ ಹೋಗುವುದರಲ್ಲಿ ಹೈಕ್ಯೂಬ್, ಅಂದರೆ ಮಾಮೂಲಿಗಿಂತ ಎತ್ತರದ ಕಂಟೇನರ್ ಜಾಸ್ತಿ. ಅದರ ಎತ್ತರ 2.9 ಮೀಟರ್. ವ್ಯಾಗನ್ ತಳವೇ ಹಳಿಯಿಂದ ಸುಮಾರು 1 ಮೀಟರ್ ಮೇಲಿರುತ್ತದೆ. ಎರಡು ಇಟ್ಟರೆ 6.8 ಮೀಟರ್ ಆಯಿತು. ನಮ್ಮ ಮಾರ್ಗದಲ್ಲಿ ವೈರ್ ಇರುವುದೇ ಸುಮಾರು 5.5 ಮೀಟರ್‌ನಲ್ಲಿ. ಮುಂಬೈ ಹತ್ತಿರದ ಜೆಎನ್‌ಪಿಟಿ ಬಂದರಿನಿಂದ ದೆಹಲಿ ಹತ್ತಿರದ ದಾದ್ರಿವರೆಗಿನ ಪಶ್ಚಿಮ ಸರಕು ಕಾರಿಡಾರ್‌ನಲ್ಲಿ ವೈರನ್ನು ಸುಮಾರು 7.5 ಮೀಟರ್‌ಗೆ ಕಟ್ಟಿದ್ದಾರೆ.

ಸರಿ, ನಾವೂ ಎತ್ತರಿಸಿದೆವು ಅಂತಿಟ್ಟುಕೊಳ್ಳಿ. ಆಗ ಬೃಂದಾವನ, ಶತಾಬ್ದಿ, ವಂದೇ ಭಾರತ್, ಮಾರಿಕುಪ್ಪಂ ಮೆಮು ಇವಕ್ಕೆಲ್ಲ ಕರೆಂಟ್ ಸಿಗುವುದು ಹೇಗೆ? ಮಾಮೂಲಿ ಎಂಜಿನ್‌ನ ಪ್ಯಾಂಟೋಗ್ರಾಫ್, ಅಂದರೆ ವೈರ್‌ನಿಂದ ಕರೆಂಟ್ ಎಳೆಯುವ ಮೇಲಿನ ಕೈ, ಅಷ್ಟು ಮೇಲಕ್ಕೆ ಮುಟ್ಟುವುದಿಲ್ಲ. ಅದಕ್ಕೆ ಉದ್ದ ಕೈಯ ಪ್ಯಾಂಟೋಗ್ರಾಫೇ ಬೇಕು. ಈ ಮಾರ್ಗದಲ್ಲಿ ಓಡುವ ಪ್ರತಿ ಎಂಜಿನ್‌ಗೂ ಅದನ್ನು ಹಾಕಬೇಕು. ಪಶ್ಚಿಮ ಕಾರಿಡಾರ್‌ನಲ್ಲಿ ಈ ತಲೆನೋವೇ ಇಲ್ಲ, ಯಾಕಂದ್ರೆ ಅದು ಸರಕಿಗೆಂದೇ ಹಾಕಿದ ಬೇರೆ ಹಳಿ. ನಮ್ಮ ಕಡೆ ಎಲ್ಲರಿಗೂ ಇರುವುದು ಅದೇ ಜೋಡಿ ಹಳಿ.

ಆಮೇಲೆ ಹಳಿ ಮೇಲಿನ ರಸ್ತೆ ಸೇತುವೆಗಳು, ಸ್ಟೇಷನ್‌ಗಳ ಪಾದಚಾರಿ ಸೇತುವೆಗಳು. ಎತ್ತರಿಸಬೇಕು, ಇಲ್ಲವೇ ಕೆಳಗೆ ಅಗೆದು ಹಳಿ ತಗ್ಗಿಸಬೇಕು. ತಗ್ಗಿಸಿದರೆ ಮಳೆನೀರು ಅಲ್ಲೇ ನಿಲ್ಲುತ್ತದೆ. ಅಮೆರಿಕದಲ್ಲಿ ನಾರ್ಫೋಕ್ ಸದರ್ನ್ ಕಂಪನಿ ಒಂದು ಮಾರ್ಗಕ್ಕೆ 28 ಸುರಂಗಗಳನ್ನು ಎತ್ತರಿಸಿ 2010ರಲ್ಲಿ ಕೆಲಸ ಮುಗಿಸಿತು. ಅಲ್ಲಿ ಓಡುವುದು ಡೀಸೆಲ್ ಎಂಜಿನ್, ವೈರ್ ಗೊಡವೆಯೇ ಇಲ್ಲ. ವ್ಯಾಗನ್ ನಡುವೆಯೂ ತೊಟ್ಟಿ ಹಾಗೆ ತಗ್ಗು, ಕೆಳಗಿನ ಕಂಟೇನರ್ ಅದರೊಳಗೆ ಕೂರುತ್ತದೆ.

ನಮ್ಮಲ್ಲಿ 2018ರಲ್ಲಿ ಕುಳ್ಳ ಕಂಟೇನರ್ ಬಂತು, 6 ಅಡಿ 4 ಇಂಚು. ಎರಡು ಇಟ್ಟರೂ ಹಳೇ ವೈರ್ ಕೆಳಗೇ ನುಸುಳುತ್ತದೆ. ಆದರೆ ಅದು ದೇಶದೊಳಗಿನ ಸಾಗಣೆಗೆ. ಹಡಗಿಗೆ ಹೋಗುವ ನಮ್ಮ ಮಾಲಿಗೆ ಉಪಯೋಗಕ್ಕೆ ಬರಲ್ಲ.

ಇನ್ನು ಭಾರ. ಮೊಬೈಲ್ ತುಂಬಿದ ಕಂಟೇನರ್ ಹಗುರ, ಎರಡು ಪೇರಿಸಬಹುದು. ಗ್ರಾನೈಟ್ ತುಂಬಿದ ಕಂಟೇನರ್ ಮೇಲೆ ಇನ್ನೊಂದು ಗ್ರಾನೈಟ್ ಕಂಟೇನರ್ ಇಟ್ಟರೆ ಚಕ್ರದ ಅಚ್ಚು (ಆಕ್ಸಲ್) ಹೊರಬಹುದಾದ ಭಾರದ ಮಿತಿ ಅಡ್ಡ ಬರುತ್ತದೆ. ಚೆನ್ನೈ ಬೇರೆ ಹತ್ತಿರ. ಇಷ್ಟು ಖರ್ಚು ಗಿಟ್ಟುವುದು ದೂರದ ಸಾಗಣೆಯಲ್ಲಿ.

ನನ್ನನ್ನು ಕೇಳಿದರೆ, ಎರಡಂತಸ್ತಿಗಿಂತ ಮೊದಲು ಕೋಲಾರ ಜಿಲ್ಲೆಯಲ್ಲೇ ಕಂಟೇನರ್ ಹತ್ತಿಸಲು ಒಂದು ಒಳ್ಳೆ ಸೈಡಿಂಗ್, ಅಂದರೆ ಮುಖ್ಯ ಹಳಿಯ ಪಕ್ಕಕ್ಕೆ ಕವಲೊಡೆದ ಹಳಿ ಬೇಕು. ಈಗ ರೈಲಿಗೆ ಹಾಕಬೇಕೆಂದರೆ ನರಸಾಪುರದ ಮಾಲು ಲಾರಿಯಲ್ಲಿ ವೈಟ್‌ಫೀಲ್ಡ್‌ಗೆ ಹೋಗಬೇಕು. ಅಲ್ಲಿ ರೈಲು ಹತ್ತಿ ಮತ್ತೆ ಮಾಲೂರು, ಬಂಗಾರಪೇಟೆ ಮೇಲೇ ಚೆನ್ನೈ ಕಡೆ ಹೊರಡುತ್ತದೆ.